ಗೃಹವಿಚಾರ: ನೆಲಮನೆಗೆ ಪಾರಾಗುವ ಕಿಡಕಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ನಮ್ಮ ಹಿರಿಯರು ಮೈಗಳ್ಳರ ಮೇಲೆ ಪ್ರಯೋಗಿಸುತ್ತಿದ್ದರು. ಈ ತಿಂಗಳ ಗೃಹವಿಚಾರದಲ್ಲಿ ನಾವು ಹೇಳಹೊರಟಿರುವದು ಕೂಡ ಒಂದು ಬಾವಿಯ ಸಂಗತಿಯೇ. ಬೆಂಕಿ ಬೀಳುವದಕ್ಕಿಂತ ಬಹಳ ಮೊದಲೇ ತೋಡಿಡಬೇಕಾದ ಬಾವಿಯಿದು. ಮತ್ತು ಇದರಲ್ಲಿ ಒಂದು ಹನಿ ನೀರೂ ನಿಲ್ಲಬಾರದು. ನೆಲದೊಳಗೆ ಕಟ್ಟಿದ ಖೋಲಿಗೆ ಕಿಡಕಿ ಇಟ್ಟಾಗ ಅದು ಮಣ್ಣಿನಲ್ಲಿ ಹೂತುಹೋಗದಂತೆ ಅದರ ಹೊರಮಗ್ಗಲಿಗೆ ನೆಲವನ್ನು ಅಗಿದು, ಸುತ್ತಲೂ ಗೋಡೆ ಎಬ್ಬಿಸಿ ಬಿಡುವ ತಗ್ಗಿಗೆ ನಾವು ಕಿಡಕಿಬಾವಿಯೆಂದು ಕರೆಯೋಣ. ಬೆಳಕೂ ಹವೆಯೂ ಅದರೊಳಗಿಂದ ಕೆಳಗೆ ಇಳಿಯುವವು. ಕಷ್ಟಕಾಲ ಬಂದಾಗ ಒಳಗಿನ ಮನುಷ್ಯನು ಅದರೊಳಗಿಂದ ಮೇಲಕ್ಕೆ ಏರುವನು. ಈ ಎರಡನೆಯ ಕಾರ್ಯವು ಸಾಗದಿದ್ದರೆ ಮೊದಲನೆಯದರ ಬೆಲೆಯು ಅಷ್ಟಕ್ಕಷ್ಟೇ.

ವಾಚಕರೇ, "ನಮ್ಮ ಕಡೆಗೆ ನೆಲಮನೆಗಳು ಎಲ್ಲಿವೆ? ಈ ವಿಚಾರ ನಮಗೇಕೆ?" ಎಂದು ನೀವು ಕೇಳಬಹುದು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯಂಥ ಪೇಟೆಗಳಲ್ಲಿ ಜಾಗದ ಬೆಲೆಯು ಏರಿದಂತೆ ಅಂಗಡಿಕಾರರು ಕೆಳಗೆ ಉಗ್ರಾಣವನ್ನೂ ಮೇಲೆ ವಾಸವನ್ನೂ ಇಟ್ಟುಕೊಳ್ಳಲು ಆಶಿಸುವರು. ಇಳಕಲು ನೆಲದಲ್ಲಿ ಮನೆ ಕಟ್ಟುವವರಿಗೆ ಒಂದು ಮಗ್ಗಲು ತಾನಾಗಿಯೇ ಮಣ್ಣಿನೊಳಗೆ ಸೇರುವದು. ಇವೆಲ್ಲಕ್ಕೂ ಮಿಗಿಲಾದ ಕಾರಣವು ಇನ್ನೊಂದಿದೆ. ನಮ್ಮ ಮಕ್ಕಳು ಅಮೇರಿಕ, ಕೆನಡಾ ದೇಶಗಳಲ್ಲಿ ಮನೆ ಮಾಡಿರುವರು. ಅಲ್ಲಿಯ ಚಳಿಗೆ ಅಡಿಪಾಯವನ್ನು ಆಳಕ್ಕೆ ಇಳಿಸಲೇಬೇಕಾದುದರಿಂದ ಎಷ್ಟೋ ಮನೆಗಳಿಗೆ ನೆಲದೊಳಗಿನ ಅಂತಸ್ತು ಇದ್ದೇ ಇರುತ್ತದೆ. "ಅಪ್ಪಾ, ಅವ್ವಾ, ನೀವು ಬಂದರೆ ಮೆಟ್ಟಲು ಏರುವ ತ್ರಾಸು ಬೇಡ, ಕೆಳಗಿನ ಖೋಲಿಯನ್ನೇ ನಿಮಗಾಗಿ ಸಜ್ಜು ಮಾಡಿದ್ದೇವೆ" ಎಂದು ಅಕ್ಕರೆಯಿಂದ ಮಕ್ಕಳು ಹೇಳುವರು. ಆ ಖೋಲಿಗೆ ಪಾರಾಗುವ ಕಿಡಕಿಯುಂಟೋ ಇಲ್ಲವೋ ಎಂಬುದನ್ನು ಕೇಳುವ ತಿಳಿವಳಿಕೆಯು ಹೋಗುವ ಹಿರಿಯರಿಗೂ ಇರಬೇಕು, ಕರೆಯಿಸಿಕೊಳ್ಳುವ ಮಕ್ಕಳಿಗೂ ಇರಬೇಕು.

ನೆಲದೊಳಗಿನ ಸ್ಥಳದ ಸ್ವಭಾವವನ್ನು ಅರಿಯಲಿಕ್ಕೆ ಪರದೇಶದ ಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಜೋಳ ಬೆಳೆಯುವ ನಮ್ಮ ಎರೆನಾಡಿಗೆ ಹಗೇವು ಹೊಸದಲ್ಲ. ನೆಲವನ್ನು ಆಳವಾಗಿ ಅಗಿದು, ಬಾಯಿಯನ್ನು ಕಿರಿದಾಗಿಟ್ಟು, ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳಗಳೂ ಉಸಿರಾಡಿ ಪ್ರಾಣವಾಯುವನ್ನು ತೀರಿಸುವವು. ಇಂಗಾಲದ ಡೈಆಕ್ಸೈಡ್ ಎಂಬ ಕೆಟ್ಟ ಹವೆಯು ತುಂಬುವದು. ಅದರಿಂದ ಹುಳಗಳು ಸತ್ತು ಕಾಳು ಉಳಿಯುತ್ತಿತ್ತು. ಆದರೆ ಹುಳವನ್ನು ಕೊಲ್ಲುವ ಹವೆಯು ಮನುಷ್ಯನನ್ನೂ ಬಿಡದು. ಆ ಹವೆಯು ನಾವು ಉಸಿರಾಡುವ ಹವೆಗಿಂತ ಭಾರವಾದ್ದರಿಂದ ಬಾಯಿ ತೆರೆದರೂ ತಳದಲ್ಲಿಯೇ ಮಲಗಿರುವದು. ಅಂತೆಯೇ ಹಗೇವನ್ನು ತೆರೆದೊಡನೆ ಇಳಿಯಬಾರದು, ಹೊತ್ತುಗಟ್ಟಲೆ ತೆರೆದಿಡಬೇಕು, ಮೊದಲು ದೀಪವನ್ನು ಇಳಿಬಿಟ್ಟು ನೋಡಬೇಕೆಂಬ ಪದ್ಧತಿಯು ನಡೆದುಬಂತು. ಹಾಗೆ ನೋಡದೆ ಇಳಿದವನೂ ಸತ್ತು, ಅವನನ್ನು ಎತ್ತಲೆಂದು ಹಿಂದೆಯೇ ಇಳಿದವನೂ ಸತ್ತ ಪ್ರಸಂಗಗಳು ಎರೆನಾಡಿಗೆ ಅಪರೂಪವಾಗಿರಲಿಲ್ಲ. ದೀಪದ ಪರೀಕ್ಷೆಯನ್ನೇ ಪೂರ್ಣವಾಗಿ ನಂಬುವದೂ ಇಂದು ಯೋಗ್ಯವಲ್ಲ. ಯಾಕಂದರೆ ದೀಪವನ್ನು ಆರಿಸದೆ ಮನುಷ್ಯನನ್ನು ಮಾತ್ರ ಕೊಲ್ಲುವ ವಿಷವಾಯುಗಳೂ ಇವೆ, ದೀಪದಿಂದಲೇ ಹೊತ್ತಿಕೊಳ್ಳುವ ವಾಯುಗಳೂ ಇವೆ.

ಹಗೇವು ನಮಗೆ ಕಲಿಸುವ ಪಾಠವಿಷ್ಟು: ನೆಲದೊಳಗೆ ಕೆಟ್ಟ ಹವೆಯು ಸಂಗ್ರಹವಾಗುವದು, ಒಂದೇ ಬಾಯಿಯುಳ್ಳ ಸ್ಥಳದಲ್ಲಿ ಹವೆಯು ತಿರುಗಾಡದು, ಆ ಒಂದು ಬಾಯಿಗೆ ಅಡ್ಡಿಯಾದರೆ ಒಳಗಿದ್ದವನು ಸಿಕ್ಕಿಬಿದ್ದಂತೆಯೇ. ನೆಲಮನೆಯು ಮೆಟ್ಟಲುಗಳುಳ್ಳ ದೊಡ್ಡದೊಂದು ಹಗೇವೇ ಸರಿ. ಮೇಲಿನ ಅಡಿಗೆಮನೆಗೆ ಬೆಂಕಿ ತಗಲಿತೆನ್ನಿರಿ. ಆಗ ಮೆಟ್ಟಲಿನ ದಾರಿಯೇ ಹೊಗೆಯ ಹಾದಿಯಾಗುವದು. ಒಳಗೆ ಮಲಗಿದವರು ಬೆಂಕಿಯ ಕಡೆಗೆ ಏರಿಬರಬೇಕೇ ಹೊರತು ಬೆಂಕಿಯಿಂದ ದೂರ ಓಡಲಿಕ್ಕೆ ದಾರಿಯಿರುವದಿಲ್ಲ. ಆದುದರಿಂದಲೇ ಎರಡನೆಯ ದಾರಿಯು ಬೇಕು.

ಕಿಡಕಿಬಾವಿಯನ್ನು ಹೇಗೆ ಕಟ್ಟಬೇಕೆಂದು ಹೇಳುವದಕ್ಕಿಂತ ಮೊದಲು, ನೆಲಮನೆಯನ್ನೇ ಕಟ್ಟಬೇಕೋ ಬೇಡವೋ ಎಂಬುದನ್ನು ನಿಶ್ಚಯಿಸಬೇಕು. ಗಾಲವ ಮುನಿಯ ಹೆಸರಿನೊಡನೆ ಜನರು ಕೂಡಿಸಿ ಹೇಳುವ ಗಲಗಲಿಯು ಕೃಷ್ಣೆಯ ದಂಡೆಯ ಊರು. ಕೆಳಗೆ ಆಲಮಟ್ಟಿಯಲ್ಲಿ ನದಿಗೆ ಆಣೆಕಟ್ಟು ಬಂದಿದೆ. ಆ ಜಲಾಶಯದ ಪೂರ್ಣ ಮಟ್ಟವು ಸಮುದ್ರಮಟ್ಟದಿಂದ ೫೧೯.೬೦ ಮೀಟರು; ಅದನ್ನು ೫೨೪.೨೫೬ ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ೨೦೧೦ರಲ್ಲಿ ಒಪ್ಪಿಗೆ ಕೊಟ್ಟಿತು. ಹಿನ್ನೀರು ನಿಂತ ಕಡೆಗೆ ಸುತ್ತಲಿನ ಭೂಮಿಯೊಳಗಿನ ನೀರೂ ಏರುವದು ಸಹಜ. ೨೦೦೯ರ ಸಪ್ಟಂಬರದ ಕೊನೆಗೆ ಬಿದ್ದ ಮಳೆಯನ್ನೂ, ೨೦೧೯ರ ಆಗಸ್ಟದಲ್ಲಿ ಕೃಷ್ಣೆ ಘಟಪ್ರಭೆಯರಿಗೆ ಬಂದ ಮಹಾಪೂರವನ್ನೂ ಕಂಡವರಿಗೆ ನೀರು ಎಲ್ಲಿಯವರೆಗೆ ಬರಬಲ್ಲದೆಂಬುದನ್ನು ನಾವು ಹೇಳಬೇಕಾಗಿಲ್ಲ. ಇನ್ನು ಮಣ್ಣಿನ ಗುಣ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವದು, ಬೇಸಿಗೆಯಲ್ಲಿ ಕೈ ಹಿಡಿಸುವಂತೆ ಬಿರಿಯುವದು. ನೆಲದೊಳಗಿನ ಗೋಡೆಯನ್ನು ಅದು ವರ್ಷವರ್ಷವೂ ದಬ್ಬುವದು, ಬಿಡುವದು, ಮತ್ತೆ ದಬ್ಬುವದು. ಸಾಮಾನ್ಯ ಇಟ್ಟಿಗೆಯ ಗೋಡೆಯು ಇದಕ್ಕೆ ಬಹುಕಾಲ ತಾಳಲಾರದು.

ಆದುದರಿಂದ ನದಿಯ ದಂಡೆಯ ಊರುಗಳಲ್ಲಿಯೂ, ಪೂರ ಬಂದು ಹೋದ ನೆಲದಲ್ಲಿಯೂ, ಸದಾ ನೀರುಣ್ಣುವ ಕಬ್ಬಿನ ಹೊಲದ ಮಗ್ಗಲಿಗೂ ನೆಲಮನೆಯ ಆಶೆಯನ್ನೇ ಬಿಡಬೇಕೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ಅಗಿಯುವದಕ್ಕೆ ತಗಲುವ ಹಣದಿಂದ ಮನೆಯ ಕಟ್ಟೆಯನ್ನು ಎತ್ತರಿಸಿರಿ, ಇಲ್ಲವೆ ಮೇಲೆ ಒಂದು ಮಾಳಿಗೆಯನ್ನು ಕಟ್ಟಿರಿ. ನೆಲದ ನೀರನ್ನು ಪರೀಕ್ಷಿಸುವ ಸುಲಭವಾದ ಉಪಾಯವೊಂದುಂಟು. ಶ್ರಾವಣ ಭಾದ್ರಪದಗಳಲ್ಲಿ ನೆರೆಯ ಬಾವಿಗಳಲ್ಲಿ ನೀರು ಎಷ್ಟು ಮೇಲಿದೆಯೆಂಬುದನ್ನು ಹಗ್ಗ ಬಿಟ್ಟು ಅಳೆಯಿರಿ. ಒಂದು ವರ್ಷದ್ದು ಸಾಲದು, ಹಿರಿಯರನ್ನು ಕೇಳಿ ದೊಡ್ಡ ಮಳೆಯ ವರ್ಷಗಳ ಗುರುತನ್ನೂ ತಿಳಿದುಕೊಳ್ಳಿರಿ. ನೆಲಮನೆಯ ತಳವು ಆ ಗುರುತಿನ ಸಮೀಪಕ್ಕೆ ಬರುವಂತಿದ್ದರೆ ಆ ವಿಚಾರವನ್ನು ಅಲ್ಲಿಗೇ ಮುಗಿಸಿರಿ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವ ನೇಕಾರ ಬಂಧುಗಳನ್ನು ಕೇಳಿದರೂ ಸಾಕು. ಮಳೆಗಾಲದಲ್ಲಿ ಕುಣಿಗೆ ನೀರು ಜಿನುಗುವ ಓಣಿ ಯಾವದು, ಜಿನುಗದ ಓಣಿ ಯಾವದು ಎಂಬುದು ಅವರ ಕಾಲಿಗೇ ಗೊತ್ತಿರುತ್ತದೆ.

ನೆಲಮನೆಗೆ ನುಗ್ಗಿದ ನೀರು ಬೆಂಕಿಗಿಂತ ಕಡಿಮೆ ಕ್ರೂರವಲ್ಲ. ೨೦೨೪ನೆಯ ಇಸವಿಯ ಜುಲೈ ೨೭ರಂದು ದಿಲ್ಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಮಳೆಯ ನೀರು ಬೀದಿಯಿಂದ ಒಂದು ಕಟ್ಟಡದ ನೆಲಮನೆಗೆ ಇಳಿಯಿತು. ಸಾಮಾನು ಮತ್ತು ವಾಹನಗಳಿಗಾಗಿ ಪರವಾನಿಗೆ ಪಡೆದಿದ್ದ ಆ ಸ್ಥಳವನ್ನು ವಾಚನಾಲಯವಾಗಿ ಬಳಸುತ್ತಿದ್ದರು. ಸರಕಾರಿ ಪರೀಕ್ಷೆಗೆ ಓದುತ್ತ ಕುಳಿತಿದ್ದ ಮೂವರು ತರುಣ ವಿದ್ಯಾರ್ಥಿಗಳು ಹೊರಬರಲಾರದೆ ಮುಳುಗಿ ಸತ್ತರು. ಊರು ಬಿಟ್ಟು ಓದಲು ಹೋದ ಮಕ್ಕಳುಳ್ಳ ತಂದೆತಾಯಿಗಳ ಮನಸ್ಸಿಗೆ ಈ ಸುದ್ದಿಯು ಎಂಥ ಪೆಟ್ಟು ಕೊಟ್ಟಿತೆಂಬುದನ್ನು ಬರೆಯಬೇಕಾಗಿಲ್ಲ. ಇಂಥ ಪ್ರಸಂಗದಲ್ಲಿ "ಬಾಗಿಲು ತೆಗೆದು ಓಡಬಾರದೇಕೆ?" ಎಂದು ಕೇಳುವವರು ಒಂದು ಲೆಕ್ಕವನ್ನು ತಿಳಿಯಬೇಕು. ತೊಂಬತ್ತು ಸೆಂಟಿಮೀಟರು ಅಗಲದ ಬಾಗಿಲಿನ ಹೊರಗೆ ಒಂದು ಮೀಟರು ಎತ್ತರ ನೀರು ನಿಂತು ಒಳಗೆ ನೀರಿಲ್ಲದಿದ್ದರೆ, ಆ ಬಾಗಿಲಿನ ಮೇಲೆ ಸುಮಾರು ೪೫೦ ಕಿಲೋಗ್ರಾಂ ಭಾರ ಬೀಳುವದು. ಜೋಳದ ನಾಲ್ಕು ದೊಡ್ಡ ಚೀಲಗಳನ್ನು ಬಾಗಿಲಿಗೆ ಆತುಕೊಟ್ಟಂತೆಯೇ ಸರಿ. ನಾಲ್ಕು ಜನ ಗಟ್ಟಿಗರಿಗೂ ಅದು ಜಗ್ಗದು. ಕಾರಣ ನೆಲಮನೆಗೆ ನೀರು ಬರಲಾರಂಭಿಸಿತೆಂದರೆ ಪಾದ ತೊಯ್ಯುವಷ್ಟರಲ್ಲಿಯೇ ಎಲ್ಲವನ್ನೂ ಬಿಟ್ಟು ಮೇಲೆ ಬರಬೇಕು. ಕಾಗದಪತ್ರ, ದಾಗೀನು, ಕಾಳಿನ ಚೀಲ ಇವುಗಳಿಗಾಗಿ ತಿರುಗಿ ಇಳಿಯಬಾರದು.

ಇನ್ನು ನಿಯಮಗಳನ್ನು ನೋಡೋಣ. ನಮ್ಮ ದೇಶಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆಯೆಂಬ ಗ್ರಂಥವಿದೆ. ಅದು ಮೊದಲು ೧೯೭೦ರಲ್ಲಿ ಹೊರಟು, ೨೦೧೬ರಲ್ಲಿ ಮತ್ತೆ ಪರಿಷ್ಕಾರಗೊಂಡಿತು. ಅದು ತಾನಾಗಿ ಕಾಯದೆಯಲ್ಲ. ಆಯಾ ಊರಿನ ಸಂಸ್ಥೆಯು ತನ್ನ ನಿಯಮಗಳಲ್ಲಿ ಅಳವಡಿಸಿಕೊಂಡ ಮೇಲೆಯೇ ಕಟ್ಟುನಿಟ್ಟಾಗುವದು. ಹಳ್ಳಿಯಲ್ಲಿ ಮನೆ ಕಟ್ಟುವವರು ೧೯೯೩ರ ಪಂಚಾಯತ ಕಾಯದೆಯ ಮೇರೆಗೆ ಗ್ರಾಮ ಪಂಚಾಯತಿಯ ಪರವಾನಿಗೆಯನ್ನೂ, ಪೇಟೆಯಲ್ಲಿ ಕಟ್ಟುವವರು ಪುರಸಭೆ ನಗರಸಭೆಗಳ ಪರವಾನಿಗೆಯನ್ನೂ ಪಡೆಯಬೇಕು. ಸಂಹಿತೆಯ ದೃಷ್ಟಿಯಲ್ಲಿ ನೆಲಮನೆಯಿರುವದು ಸಾಮಾನು, ಯಂತ್ರ, ವಾಹನ ಮುಂತಾದವುಗಳಿಗೆ, ಮಲಗಿ ಬಾಳುವದಕ್ಕಲ್ಲ. ಅದರ ಮಾಳಿಗೆಯು ಸುತ್ತಲಿನ ನೆಲಕ್ಕಿಂತ ೦.೯ ಮೀಟರಿಗೆ ಕಡಿಮೆಯಾಗದೆ, ೧.೨ ಮೀಟರಿಗೆ ಹೆಚ್ಚಾಗದೆ ಮೇಲೆದ್ದಿರಬೇಕು; ಮೇಲಿನ ನೀರು ಒಳಗೆ ಹೋಗಬಾರದು; ಗೋಡೆಯೂ ತಳವೂ ನೀರು ಸೋರದಂತಿರಬೇಕು. ಹೊಗೆಯು ಹೊರಬೀಳಲೆಂದು ನೆಲಮನೆಯ ಸುತ್ತಲೂ ಸಮವಾಗಿ ಹಂಚಿ ಇಡುವ ಗಿಂಡಿಗಳ ಒಟ್ಟು ವಿಸ್ತಾರವು ತಳದ ವಿಸ್ತಾರದ ನೂರಕ್ಕೆ ಎರಡೂವರೆ ಪಾಲಿಗೆ ಕಡಿಮೆಯಾಗಬಾರದೆಂದೂ ಬೆಂಕಿಯ ಪ್ರಕರಣದಲ್ಲಿ ಹೇಳಿದೆ. ನಾಲ್ಕುನೂರು ಚೌರಸ ಫೂಟಿನ ನೆಲಮನೆಗೆ ಈ ಲೆಕ್ಕದಿಂದ ಹತ್ತು ಚೌರಸ ಫೂಟು ಬಯಲು ಬೇಕಾಗುವದು. ಮಾಳಿಗೆಯು ನೆಲದಿಂದ ಮೂರು ಫೂಟು ಎದ್ದಿದ್ದರೆ ಈ ಗಿಂಡಿಗಳನ್ನು ನೆಲದ ಮೇಲೆಯೇ ಇಡಬಹುದು. ಕಿಡಕಿಬಾವಿಯ ಗೊಡವೆಯೇ ಕಡಿಮೆಯಾಗುವದು. ಇದು ಬಹು ಜಾಣತನದ ಏರ್ಪಾಡೆಂದು ನಮಗೆ ತೋರುತ್ತದೆ.

ನೆಲದೊಳಗೆ ಮಲಗುವ ರೂಢಿಯುಳ್ಳ ದೇಶಗಳಲ್ಲಿಯೋ ನಿಯಮವು ಪಾರಾಗುವ ಕಿಡಕಿಯ ಅಳತೆಯನ್ನೇ ಕಟ್ಟಿಕೊಟ್ಟಿದೆ. ಅಮೇರಿಕದ ಬಹುತೇಕ ರಾಜ್ಯಗಳು ಅನುಸರಿಸುವ ವಾಸದ ಮನೆಗಳ ಸಂಹಿತೆಯ ಪ್ರಕಾರ ಕಿಡಕಿಯನ್ನು ತೆರೆದಾಗ ಸಿಗುವ ಬಯಲು ೫.೭ ಚೌರಸ ಫೂಟಿಗೆ ಕಡಿಮೆಯಿರಬಾರದು. ನೆಲಮಟ್ಟದ ಕಿಡಕಿಗೆ ಮಾತ್ರ ೫ ಚೌರಸ ಫೂಟು ನಡೆಯುವದು. ಬಯಲಿನ ಎತ್ತರ ೨೪ ಇಂಚು, ಅಗಲ ೨೦ ಇಂಚು ಇದ್ದೇ ತೀರಬೇಕು. ಕಿಡಕಿಯ ಹೊಸ್ತಿಲು ಒಳಗಿನ ನೆಲದಿಂದ ೪೪ ಇಂಚಿಗಿಂತ ಮೇಲಿರಬಾರದು. ಕೆನಡಾದ ರಾಷ್ಟ್ರೀಯ ಸಂಹಿತೆಯು ೦.೩೫ ಚೌರಸ ಮೀಟರು ಬಯಲನ್ನೂ, ಯಾವ ಮಗ್ಗಲೂ ೩೮೦ ಮಿಲಿಮೀಟರಿಗೆ ಕಡಿಮೆಯಾಗದಿರುವದನ್ನೂ, ಕಿಡಕಿಬಾವಿಯಿದ್ದರೆ ಕಿಡಕಿಯ ಮುಂದೆ ೭೬೦ ಮಿಲಿಮೀಟರು ತೆರವನ್ನೂ ಕೇಳುತ್ತದೆ.

ಇಲ್ಲಿ ಗೃಹಸ್ಥರು ಮೋಸಹೋಗುವ ಸ್ಥಳವೊಂದುಂಟು. "೨೦ ಇಂಚು ಅಗಲ, ೨೪ ಇಂಚು ಎತ್ತರ ಇಟ್ಟೆವು, ನಿಯಮ ಮುಗಿಯಿತು" ಎಂದು ತಿಳಿಯುವರು. ಗುಣಿಸಿ ನೋಡಿದರೆ ಅದು ೪೮೦ ಚೌರಸ ಇಂಚು, ಅಂದರೆ ಮೂರೂ ಕಾಲು ಚೌರಸ ಫೂಟಿಗೆ ತುಸು ಹೆಚ್ಚು; ಬೇಕಾದದ್ದು ೫.೭. ಅಗಲವು ೨೦ ಇಂಚೇ ಆದರೆ ಎತ್ತರವು ೪೧ ಇಂಚಿಗೆ ಮೀರಬೇಕು. ಎತ್ತರವು ೨೪ ಇಂಚೇ ಆದರೆ ಅಗಲವು ೩೪ ಇಂಚಿಗೆ ಮೀರಬೇಕು. ಇನ್ನೊಂದು ಮೋಸವು ಸರಿಸುವ ಕಿಡಕಿಯಲ್ಲಿದೆ. ನಾಲ್ಕು ಫೂಟು ಅಗಲದ ಜೋಡಿ ಫಡಕಗಳ ಕಿಡಕಿಯನ್ನು ಎಷ್ಟು ಸರಿಸಿದರೂ ತೆರೆಯುವದು ಎರಡು ಫೂಟಿಗಿಂತ ಒಳಗೇ. ಗೋಡೆಯಲ್ಲಿ ಕೊರೆದ ರಂಧ್ರವನ್ನು ಅಳೆಯಬೇಡಿರಿ. ಕಿಡಕಿಯನ್ನು ತೆರೆದು, ಮನುಷ್ಯನು ತೂರಬಹುದಾದ ಬಯಲನ್ನು ಅಳೆಯಿರಿ.

ಈಗ ಬಾವಿಯ ಕೆಲಸ. ಅಮೇರಿಕದ ಸಂಹಿತೆಯು ಇದಕ್ಕೆ ೯ ಚೌರಸ ಫೂಟು ವಿಸ್ತಾರವನ್ನೂ, ಗೋಡೆಯಿಂದ ಹೊರಕ್ಕೆ ೩೬ ಇಂಚನ್ನೂ, ಅಗಲಕ್ಕೆ ೩೬ ಇಂಚನ್ನೂ ಗೊತ್ತುಮಾಡಿದೆ. ಅಂದರೆ ಮೂರು ಫೂಟು ಚೌಕದ ಬಾವಿಯು ತೀರ ಚಿಕ್ಕದು. ಮೈದುಂಬಿದವರೂ ಮುದುಕರೂ ಇರುವ ಮನೆಯಲ್ಲಿ ನಾಲ್ಕು ಫೂಟು ಚೌಕ ಮಾಡುವದು ಒಳ್ಳೆಯದು. ಹೊರಗೆ ತೆರೆಯುವ ಫಡಕವಾದರೆ ಅದು ಪೂರ್ತಿ ತೆರೆದ ಮೇಲೆಯೂ ಮನುಷ್ಯನು ನಿಲ್ಲುವಷ್ಟು ಸ್ಥಳ ಉಳಿಯಬೇಕು. ಬಾವಿಯ ಆಳವು ೪೪ ಇಂಚಿಗೆ ಮೀರಿದರೆ ಶಾಶ್ವತವಾದ ನಿಚ್ಚಣಿಕೆ ಇಲ್ಲವೆ ಮೆಟ್ಟಲು ಬೇಕು. ನಿಚ್ಚಣಿಕೆಯ ಹಲ್ಲುಗಳು ೧೨ ಇಂಚಿಗೆ ಕಡಿಮೆಯಿಲ್ಲದ ಅಗಲದವಾಗಿ, ಗೋಡೆಯಿಂದ ಮೂರು ಇಂಚಾದರೂ ಹೊರಗಿದ್ದು, ಒಂದರ ಮೇಲೊಂದು ೧೮ ಇಂಚಿಗಿಂತ ದೂರವಾಗದಂತಿರಬೇಕು. ನಮ್ಮ ಹೊಲದ ಬಾವಿಗಳನ್ನು ಕಟ್ಟಿದ ಗವಂಡಿಗಳು ಗೋಡೆಯಿಂದ ಉದ್ದನ್ನ ಕಲ್ಲುಗಳನ್ನು ಒಂದೊಂದು ಗೇಣು ಮುಂದೆ ಚಾಚಿ, ಅವುಗಳ ಮೇಲೆ ಕಾಲಿಟ್ಟು ಹತ್ತಿ ಇಳಿಯುವಂತೆ ಮಾಡಿಲ್ಲವೇ? ಆ ಕೈಗಾರಿಕೆಯು ಇಲ್ಲಿ ಸಾರ್ಥಕವಾಗುವದು. ಕಬ್ಬಿಣಕ್ಕೆ ತುಕ್ಕು ಹಿಡಿಯುವದು, ಕಲ್ಲಿಗೆ ಹಿಡಿಯದು. ಆದರೆ ಕಲ್ಲಿನ ಮೇಲ್ಮೈಯನ್ನು ಜಾರದಂತೆ ಒರಟಾಗಿಯೇ ಬಿಡಿಸಬೇಕು, ಕೈಯಾಸರೆಗೆ ಒಂದು ಹಿಡಿಯನ್ನೂ ಇಡಿಸಬೇಕು.

ಬಾವಿಯು ಬಾಗಿಲಾಗುವದರ ಜೊತೆಗೆ ನೀರಿಗೂ ದಾರಿಯಾಗುವದೆಂಬುದನ್ನು ಮರೆಯಬಾರದು. ಒಂದು ಮೀಟರು ಚೌಕದ ಬಾವಿಯ ಮೇಲೆ ೫೦ ಮಿಲಿಮೀಟರು ಮಳೆಯಾದರೆ ಅದರೊಳಗೆ ನೇರವಾಗಿ ಬೀಳುವದು ೫೦ ಲೀಟರು ಮಾತ್ರ, ಅಂದರೆ ನಾಲ್ಕು ಕೊಡ. ಆದರೆ ನೂರು ಚೌರಸ ಮೀಟರಿನ ಮಾಳಿಗೆಯ ಮೇಲೆ ಅದೇ ಮಳೆಯಿಂದ ೫,೦೦೦ ಲೀಟರು ನೀರಾಗುವದು. ಆ ನೀರಿನ ದೋಣಿಯು ಬಾವಿಯ ಮಗ್ಗಲಿಗೆ ಬಿದ್ದರೆ ಗತಿಯೇನು? ಆದುದರಿಂದ ಮಾಳಿಗೆಯ ದೋಣಿಗಳನ್ನು ಬಾವಿಯಿಂದ ದೂರಕ್ಕೆ ಒಯ್ಯಬೇಕು. ಬಾವಿಯ ದಂಡೆಯನ್ನು ಸುತ್ತಲಿನ ನೆಲಕ್ಕಿಂತ ಒಂಬತ್ತು ಇಂಚಾದರೂ ಮೇಲೆ ಕಟ್ಟಬೇಕು. ಸುತ್ತಲಿನ ನೆಲವು ಗೋಡೆಯಿಂದ ಹೊರಕ್ಕೆ ಹತ್ತು ಫೂಟಿಗೆ ಆರು ಇಂಚಿನಂತೆ ಇಳಿಜಾರಾಗಿರಬೇಕು. ಬಾವಿಯ ತಳವು ಕಿಡಕಿಯ ಹೊಸ್ತಿಲಿಗಿಂತ ಆರೆಂಟು ಇಂಚು ಕೆಳಗಿದ್ದು, ಅದರಲ್ಲಿ ಜಾಳಿಗೆಯುಳ್ಳ ನಾಳಿಗೆ ಇರಬೇಕು.

ಆ ನಾಳಿಗೆಯು ಎಲ್ಲಿಗೆ ಹೋಗಬೇಕೆಂಬುದೇ ಎರೆನಾಡಿನ ದೊಡ್ಡ ಪ್ರಶ್ನೆ. ಮಸಾರಿ ನೆಲದಲ್ಲಿ ತಳಕ್ಕೆ ಖಡಿ ಹಾಸಿದರೆ ನೀರು ತಾನೇ ಇಂಗುವದು. ಎರೆಮಣ್ಣು ಒಮ್ಮೆ ತೊಯ್ದು ಉಬ್ಬಿತೆಂದರೆ ನೀರನ್ನು ಒಳಗೆ ಬಿಡದು; ಅಲ್ಲಿ ಖಡಿಯ ತಗ್ಗು ಸ್ವತಃ ಒಂದು ಹೊಂಡವಾಗುವದು. ಆದ್ದರಿಂದ ನಾಳಿಗೆಯನ್ನು ಇಳಕಲಿಗೆ ನಡೆಸಿ, ತಗ್ಗಿನ ಬಯಲಿನಲ್ಲಿ ಅದರ ಬಾಯಿ ತೆರೆಯುವಂತೆ ಮಾಡಬೇಕು. ಅಂಥ ತಗ್ಗು ಸಿಗದ ಸಮನೆಲದಲ್ಲಿ ಪಂಪನ್ನೇ ನಂಬಬೇಕಾಗುವದು. ದೊಡ್ಡ ಮಳೆಯ ರಾತ್ರಿಯೇ ವಿದ್ಯುತ್ತು ಹೋಗುವ ನಮ್ಮ ಕಡೆಗೆ ಅದು ನಂಬಿಕೆಗೆ ಯೋಗ್ಯವಲ್ಲ. ಹಾಗಾದರೆ ಆ ನಿವೇಶನವು ನೆಲಮನೆಗೆ ತಕ್ಕದ್ದಲ್ಲವೆಂದೇ ತಿಳಿಯಿರಿ. ಬಾವಿಯ ಗೋಡೆಯ ಹಿಂದೆ ಅಗಿದ ಎರೆಮಣ್ಣನ್ನೇ ತಿರುಗಿ ತುಂಬದೆ, ಗರಸು ಮತ್ತು ಖಡಿಯನ್ನು ತುಂಬಿ ದಮ್ಮಸು ಮಾಡಿಸಬೇಕು. ಗೋಡೆಯ ದಪ್ಪವನ್ನೂ ಕಬ್ಬಿಣದ ಸರಳುಗಳನ್ನೂ ತಿಳಿದ ಇಂಜಿನಿಯರರಿಂದ ಲೆಕ್ಕ ಮಾಡಿಸಬೇಕು; ಈ ಒಂದು ಕೆಲಸದಲ್ಲಿ ಗವಂಡಿಯ ಅಂದಾಜು ಸಾಲದು.

ಇನ್ನು ಸರಳುಗಳ ವಿಚಾರ. ನಮ್ಮ ದೇಶದ ಮನೆಗಳಲ್ಲಿ ಕಳ್ಳರ ಭಯದಿಂದ ಪ್ರತಿಯೊಂದು ಕಿಡಕಿಗೂ ಕಬ್ಬಿಣದ ಸರಳು ಬಡಿಸುವರು. ಕಳ್ಳನು ಒಳಗೆ ಬಾರದಂತೆ ಮಾಡಿದ ಸರಳು ಮನೆಯವರನ್ನು ಹೊರಗೂ ಬಿಡದು. ಪಾರಾಗುವ ಕಿಡಕಿಗೆ ಸರಳು ಬೇಕೇ ಬೇಕಾದರೆ ಅದನ್ನು ಬಿಜಾಗರಿಯ ಮೇಲೆ ತಿರುಗುವ ಫಡಕವಾಗಿ ಮಾಡಿಸಿ, ಒಳಗಿನಿಂದ ಮಾತ್ರ ಕೈಗೆ ಸಿಗುವ ಅಗುಳಿಯನ್ನು ಇಡಿರಿ. ಕೀಲಿ ಹಾಕಬೇಡಿರಿ. ಹೊಗೆ ತುಂಬಿದ ಕತ್ತಲೆಯಲ್ಲಿ ಕೀಲಿಕೈಯನ್ನು ಹುಡುಕುವಷ್ಟು ಆಯುಷ್ಯ ಯಾರಿಗೂ ಇರುವದಿಲ್ಲ. ಬಾವಿಯ ಬಾಯಿಗೂ ಇದೇ ನ್ಯಾಯ. ಮಕ್ಕಳೂ ಕರುಗಳೂ ಬೀಳದಂತೆ ಮುಚ್ಚಳ ಇಲ್ಲವೆ ಕಟಾಂಜನ ಬೇಕು. ಆದರೆ ಪರದೇಶದ ನಿಯಮವು ಸ್ಪಷ್ಟವಾಗಿ ಹೇಳುವಂತೆ ಮುಚ್ಚಳವು ಕೀಲಿ, ಹತಾರ, ವಿಶೇಷ ಶಕ್ತಿ ಇವು ಯಾವವೂ ಇಲ್ಲದೆ ಒಳಗಿನಿಂದ ತೆರೆಯುವಂತಿರಬೇಕು. ಮುಚ್ಚಳದ ಮೇಲೆ ತುಳಸಿಕುಂಡ, ಕಟ್ಟಿಗೆಯ ಹೊರೆ, ಸೈಕಲ್ಲು ಇವುಗಳನ್ನು ಇಟ್ಟರೆ ಮಾಡಿದ ಖರ್ಚೆಲ್ಲ ವ್ಯರ್ಥವು. ಸ್ಥಳವಿದ್ದಲ್ಲಿ ಮುಚ್ಚಳಕ್ಕಿಂತ ಸುತ್ತಲೂ ಕಟಾಂಜನ ಹಾಕಿ, ನಿಚ್ಚಣಿಕೆಯ ಎದುರಿಗೆ ಒಂದು ಚಿಕ್ಕ ಕದವಿಡುವದೇ ಲೇಸು.

ಗೃಹಿಣಿಯರು ಮುಖ್ಯವಾಗಿ ಲಕ್ಷ್ಯಕ್ಕೆ ತಂದುಕೊಳ್ಳಬೇಕಾದ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುವೆವು. ಅಡಿಗೆಯ ಗ್ಯಾಸು ಸಾಮಾನ್ಯ ಹವೆಗಿಂತ ಒಂದೂವರೆ ಎರಡು ಪಟ್ಟು ಭಾರವಾದದ್ದು. ಸೋರಿದರೆ ಮೇಲೆ ಹೋಗದೆ ನೀರಿನಂತೆ ತಗ್ಗಿಗೆ ಹರಿಯುವದು. ಆದ್ದರಿಂದ ಗ್ಯಾಸಿನ ಸಿಲಿಂಡರನ್ನು ನೆಲಮನೆಯಲ್ಲಿಯೂ ಇಡಬಾರದು, ಕಿಡಕಿಬಾವಿಯ ದಂಡೆಗೂ ಇಡಬಾರದು. ಇದ್ದಿಲಿನ ಶೇಗಡಿಯನ್ನೂ ಡಿಸೇಲ ಯಂತ್ರವನ್ನೂ ಒಳಗೆ ಹೊತ್ತಿಸಬಾರದು. ಅವುಗಳಿಂದ ಹೊರಡುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸದೆಯೇ ಒಯ್ಯುವದು. ಎರಡನೆಯದು ವಿದ್ಯುತ್ತು. ೨೦೨೫ರ ಮೇ ತಿಂಗಳ ಮಳೆಗೆ ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯ ಒಂದು ವಸತಿ ಕಟ್ಟಡದ ನೆಲಮನೆಯಲ್ಲಿ ನೀರು ನಿಂತಾಗ, ಅದನ್ನು ಪಂಪಿನಿಂದ ತೆಗೆಯುವ ಹೊತ್ತಿನಲ್ಲಿ ವಿದ್ಯುತ್ತು ತಗಲಿ ಒಬ್ಬ ಹಿರಿಯರೂ ಒಬ್ಬ ಹುಡುಗನೂ ಸತ್ತರು. ನೆಲಮನೆಯ ವಿದ್ಯುತ್ತನ್ನು ತಪ್ಪಿಸುವ ಗುಂಡಿಯು ಮೇಲಿನ ಅಂತಸ್ತಿನಲ್ಲಿರಬೇಕು. ಸೋರಿಕೆಯನ್ನು ಕಂಡೊಡನೆ ತಾನೇ ವಿದ್ಯುತ್ತನ್ನು ಕಡಿಯುವ ಸಾಧನವನ್ನೂ ಕೂಡಿಸಿರಬೇಕು. ನೀರು ನಿಂತ ನೆಲಮನೆಗೆ ವಿದ್ಯುತ್ತು ತಪ್ಪಿಸದೆ ಯಾರೂ ಕಾಲಿಡಬಾರದು.

ಕಿಡಕಿಯನ್ನು ಕಟ್ಟಿಸಿದ ಮಾತ್ರಕ್ಕೆ ಕೆಲಸವು ತೀರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಅಶಕ್ತರು ಯಾರೋ ಅವರಿಂದಲೇ ಅದರ ಪರೀಕ್ಷೆಯಾಗಬೇಕು. ಅಜ್ಜಿಯವರು ಅಗುಳಿಯನ್ನು ಎಳೆಯಬಲ್ಲರೇ? ಎಂಟು ವರ್ಷದ ಹುಡುಗಿಯು ಫಡಕವನ್ನು ದಬ್ಬಬಲ್ಲಳೇ? ಹೊಸ್ತಿಲು ಏರಲು ಒಳಗೆ ಗಟ್ಟಿಯಾದ ಒಂದು ಮೆಟ್ಟಲು ಇಲ್ಲವೆ ಪೆಟ್ಟಿಗೆಯು ಇದೆಯೇ? ವರ್ಷಕ್ಕೆ ಎರಡು ಸಲ, ಯುಗಾದಿಗೂ ದಸರೆಗೂ ಮನೆ ಸಾರಿಸಿ ಬಳಿಯುವ ಕಾಲಕ್ಕೆ, ದೀಪವಾರಿಸಿ ಕತ್ತಲೆಯಲ್ಲಿ ಮನೆಮಂದಿಯೆಲ್ಲ ಆ ದಾರಿಯಿಂದ ಹೊರಗೆ ಬಂದು ನೋಡಿರಿ. ಮಕ್ಕಳಿಗೆ ಅದು ಆಟವಾಗುವದು, ಹಿರಿಯರಿಗೆ ಧೈರ್ಯವಾಗುವದು. ಯಾರಾದರೂ ಏರಲಾರದೆ ಹೋದರೆ ಅವರನ್ನು ಆ ಖೋಲಿಯಲ್ಲಿ ಮಲಗಿಸಬಾರದು. ಅಳತೆಗಳು ನಿಯಮಕ್ಕೆ ಎಷ್ಟೇ ಸರಿಹೋಗಲಿ. ಮಳೆಗಾಲಕ್ಕೆ ಮೊದಲು ಬಾವಿಯೊಳಗಿನ ಎಲೆ ಕಸಗಳನ್ನು ತೆಗೆದು ನಾಳಿಗೆಯಲ್ಲಿ ಒಂದು ಕೊಡ ನೀರು ಸುರಿದು ಹರಿಯುವದೋ ಎಂದು ನೋಡಬೇಕು. ಹಾವು ಚೇಳುಗಳು ತಂಪಿಗೆ ಸೇರುವದುಂಟಾದ್ದರಿಂದ ಬೆಳಕು ಹಿಡಿದೇ ಇಳಿಯಬೇಕು. ಚಳಿಯ ದೇಶದಲ್ಲಿರುವ ಮಕ್ಕಳು ಹಿಮ ಬಿದ್ದಾಗಲೆಲ್ಲ ಅಂಗಳದ ಹಾದಿಯಂತೆಯೇ ಕಿಡಕಿಬಾವಿಯನ್ನೂ ತೆರವುಮಾಡಬೇಕು. ಪರದೇಶಕ್ಕೆ ಹೋದ ತಂದೆತಾಯಿಗಳು ಮೊದಲನೆಯ ರಾತ್ರಿಯೇ ಮಗನಿಗೋ ಸೊಸೆಗೋ "ಈ ಕಿಡಕಿಯನ್ನು ತೆಗೆಯುವದು ಹೇಗೆ, ತೋರಿಸಿರಿ" ಎಂದು ಕೇಳಲು ಸಂಕೋಚಪಡಬಾರದು. ಹೊಗೆಯನ್ನು ಕಂಡು ಕೂಗುವ ಯಂತ್ರವು ಆ ಖೋಲಿಯಲ್ಲಿದೆಯೇ ಎಂಬುದನ್ನೂ ಜೊತೆಗೇ ಕೇಳಿರಿ.

ನೆಲಮನೆಯಿಲ್ಲದ ಬಹುಮಂದಿ ವಾಚಕರಿಗೆ ಇದರಿಂದ ಏನೂ ಪ್ರಯೋಜನವಿಲ್ಲವೆಂದು ಭಾವಿಸಬಾರದು. ನಿಮ್ಮ ಮಲಗುವ ಖೋಲಿಗೆ ಬಾಗಿಲು ಒಂದೇ ಇದ್ದು, ಕಿಡಕಿಗಳಿಗೆಲ್ಲ ಸರಳು ಬಡಿದಿದ್ದರೆ, ಅದು ನೆಲದ ಮೇಲಿದ್ದರೂ ಬೆಂಕಿಯ ಕಾಲಕ್ಕೆ ಹಗೇವೇ. ಈ ವಾರದಲ್ಲಿಯೇ ಕಂಬಾರನನ್ನು ಕರೆಯಿಸಿ, ಪ್ರತಿಯೊಂದು ಮಲಗುವ ಖೋಲಿಯ ಒಂದು ಕಿಡಕಿಯ ಸರಳಿನ ಚೌಕಟ್ಟನ್ನು ಬಿಜಾಗರಿಯ ಮೇಲೆ ತಿರುಗುವಂತೆ ಮಾಡಿಸಿರಿ. ಒಂದು ದಿನದ ಕೂಲಿ, ಒಂದಿಷ್ಟು ಕಬ್ಬಿಣ, ಒಂದು ಅಗುಳಿ, ಇಷ್ಟೇ ಖರ್ಚು. ಮನೆ ಕಟ್ಟುವಾಗ ಲಕ್ಷ್ಮಿಯು ಬರುವ ಬಾಗಿಲಿಗೆ ನಾವು ಪಂಚಾಂಗ ನೋಡಿ ಮುಹೂರ್ತವಿಡುತ್ತೇವೆ. ಮನೆಯವರು ಜೀವ ಉಳಿಸಿಕೊಂಡು ಹೊರಬೀಳುವ ಕಿಡಕಿಗೆ ಮುಹೂರ್ತವನ್ನು ಕಾಯಬೇಕಾಗಿಲ್ಲ.